ಹೊಗೆಯಿದ್ದಲ್ಲಿ

ಜ್ಯೂರಿ ಕೋಣೆಯಲ್ಲಿ ಆಡಿದ್ದನ್ನು ಹೊರಗೆ ಆಡಬಾರದು, ಕಾನೂನು.
ಆಡುತ್ತಿಲ್ಲ. ಡಿಪೋದಲ್ಲಿ ಬಸ್ಸು ತೊಳೆಯುತ್ತ
ನೀರಿನ ಸದ್ದಿನೊಳಗೆ ಗೊಣಗಿಕೊಳ್ಳುತ್ತಿದ್ದೇನೆ, ಅಷ್ಟೆ.

ಡಂಡೀ ಕೋರ್ಟು, ಎಂಬತ್ತಾರರ ಚಳಿ.
ಹದಿನೈದು ಜನ ನಾವು; ಹನ್ನೊಂದನೆಯ ಕುರ್ಚಿ ನನ್ನದು.
ಕಟಕಟೆಯಲ್ಲಿ ನಿನಿಯನ್ ಸ್ಟರಕ್,
ಹ್ಯಾಡಕ್ ಮೀನನ್ನು ಬಾಲಕ್ಕೆ ಬಾಲ ಕಟ್ಟಿ
ಜೋಡಿ ಜೋಡಿ ತೂಗಿಬಿಟ್ಟು ಹೊಗೆ ಕೊಡುವವನು.
ಕೂಲಿ ಹಿಡಿದಿಟ್ಟ ಯಜಮಾನನ ಹೊಗೆಮನೆಗೆ
ಒಂದು ಬುಧವಾರ ರಾತ್ರಿ, ಎಂಟೂವರೆಗೆ,
ಇವನೇ ಬೆಂಕಿಯಿಟ್ಟನೆಂದು ಆರೋಪ.

"ಮೈಯೆಲ್ಲ ಹೊಗೆಯ ವಾಸನೆ" ಎಂದ ಪೊಲೀಸು.
"ಮದುವೆಯ ದಿನವೂ ಇತ್ತು" ಎಂದ ಇವನ ವಕೀಲ.
ನಕ್ಕೆವು. ನ್ಯಾಯಾಧೀಶರು ನಗಲಿಲ್ಲ.
ಹೊಗೆಯಿದ್ದಲ್ಲಿ ಬೆಂಕಿ, ಎಲ್ಲರೂ ಬಲ್ಲ ಮಾತು;
ಆ ಬಂದರಿನ ಓಣಿಯಲ್ಲಿ ಮಾತ್ರ ಚಲಾವಣೆಯಿಲ್ಲ.
ಅಲ್ಲಿ ಹೊಗೆಯೆಂದರೆ ಬರಿ ಇನ್ನೊಂದು ಬುಧವಾರ.

ಆಮೇಲೆ ಬಂದಳು ಎಫಿ ಬೀಟಿ, ಕಣ್ಣಿಗೆ ಪೊರೆ ಬಂದ ಮುದುಕಿ.
"ಆ ಹೊತ್ತಿಗೆ ಅವನು ನನ್ನ ಅಡಿಗೆಮನೆಯಲ್ಲಿದ್ದ."
ಹೇಗೆ ನೆನಪು?
"ಕರೆಂಟಿನ ಮೀಟರಿಗೆ ಹಾಕಲು ಕಾಸಿರಲಿಲ್ಲ, ದೀಪ ಹೋಯಿತು.
ಐವತ್ತು ಪೆನ್ನಿ ಅವನೇ ಕೊಟ್ಟ. ಇನ್ನೂ ತೀರಿಸಿಲ್ಲ."
ಬುಧವಾರವೇ?
"ಗುರುವಾರ ಪಿಂಚಣಿ ಬರುತ್ತದೆ. ಗುರುವಾರವಾಗಿದ್ದರೆ ಸಾಲ ಯಾಕೆ?"
ಕತ್ತಲಲ್ಲಿ ಮುಖ ಕಂಡಿತೇ?
"ಬೆಳಕಲ್ಲೂ ಕಾಣದು. ಅವನ ಕೆಮ್ಮು ಗೊತ್ತು."
ಹೊಗೆಮನೆಯವರೆಲ್ಲ ಹಾಗೆಯೇ ಕೆಮ್ಮುವುದಲ್ಲವೇ?
ತುಂಬ ಹೊತ್ತು ಸುಮ್ಮನಿದ್ದಳು.
"ಹೌದು."

ಸುಳ್ಳು ಹೇಳಲು ಬಂದವಳಾಗಿದ್ದರೆ
ಆ ಹೌದನ್ನು ಹೇಳುತ್ತಿರಲಿಲ್ಲ ಎಂದುಕೊಂಡೆ.
ಅಥವಾ ಹೇಳುತ್ತಿದ್ದಳೇನೋ, ನನ್ನಂಥವರಿಗಾಗಿ.

ನ್ಯಾಯಾಧೀಶರು ತಿಳಿಹೇಳಿದರು, ನಿಧಾನ,
ಮಗುವಿಗೆ ಷೂ ಲೇಸು ಕಟ್ಟಲು ಕಲಿಸುವ ಹಾಗೆ:
ಬೇರೆಲ್ಲೋ ಇದ್ದೆನೆಂದು ಅವನು ಸಾಬೀತು ಮಾಡಬೇಕಿಲ್ಲ,
ಅಲ್ಲೇ ಇದ್ದನೆಂದು ಸರ್ಕಾರ ಮಾಡಬೇಕು.
ಮುದುಕಿಯನ್ನು ನಂಬದೆ ಹೋದರೆ
ಅಡಿಗೆಮನೆ ಖಾಲಿಯಾಗುತ್ತದೆ, ಅಷ್ಟೆ;
ಹೊಗೆಮನೆಯ ಬಾಗಿಲಿಗೆ ಅವನು
ತಾನಾಗಿ ಬಂದು ನಿಲ್ಲುವುದಿಲ್ಲ.
ಸಂಶಯವೆಂದರೆ ತಲೆಯೊಳಗಿನ ಜೇಡರ ಬಲೆಯಲ್ಲ,
ನಿಮ್ಮದೇ ಬದುಕಿನ ದೊಡ್ಡ ಕೆಲಸವೊಂದರಲ್ಲಿ
ಎತ್ತಿದ ಕಾಲನ್ನು ತಡೆದು ನಿಲ್ಲಿಸುವಂಥದು.

ನನಗೆ ಗೊತ್ತಿದ್ದ ದೊಡ್ಡ ಕೆಲಸ ಒಂದೇ:
ಕಡಲಿನ ಮಂಜಿನಲ್ಲಿ ನಲವತ್ತು ಶಾಲೆಮಕ್ಕಳನ್ನು ಕೂರಿಸಿಕೊಂಡು
ರೈಲು ಹಳಿ ದಾಟುವುದು.
ದಾರಿ ಖಾಲಿಯೆಂದು ಖಾತ್ರಿಯಿದ್ದರೂ
ಎಂಜಿನ್ ಆರಿಸಿ, ಕಿಟಕಿ ಇಳಿಸಿ, ಕಿವಿಗೊಡುತ್ತೇನೆ.

ಎರಡು ದಿನ ಚಹಾ, ಬಿಸ್ಕತ್ತು, ಜಗಳ.
"ಅವನಲ್ಲದಿದ್ದರೆ ಮತ್ತಾರು?" ನಾಲ್ಕನೆಯ ಕುರ್ಚಿ ಕೇಳಿತು.
ಅದು ನಮಗೆ ಕೊಟ್ಟ ಪ್ರಶ್ನೆಯಲ್ಲ ಎಂದರೆ
ಗಂಟಲಿಗೆ ಸಿಕ್ಕ ಮುಳ್ಳಿನ ಹಾಗೆ ಎಲ್ಲರಿಗೂ ಕಿರಿಕಿರಿ.
ಸರ್ಕಾರಿ ವಕೀಲ ಎಳೆ ಎಳೆಯಾಗಿ ಹೊಸೆದದ್ದೂ ಅನುಮಾನವೇ,
ನಾವು ಬಿಚ್ಚುತ್ತ ಕುಳಿತದ್ದೂ ಅನುಮಾನದಿಂದಲೇ.
ಆ ಬುಧವಾರ ನಾನೆಲ್ಲಿದ್ದೆ? ನೆನೆದು ನೋಡಿದೆ.
ಮನೆಯಲ್ಲಿ, ಬಹುಶಃ. ಸಾಕ್ಷಿ ಬೆಕ್ಕು.

ಏಳು ಕೈ ಅಪರಾಧಿ ಎಂದವು. ಎಂಟು ಬೇಕಿತ್ತು.
ನನ್ನ ಕೈ ತೊಡೆಯ ಮೇಲಿತ್ತು, ತಣ್ಣಗೆ.

ನಮ್ಮ ಸೀಮೆಯಲ್ಲಿ ಆಗ ಮೂರು ತೀರ್ಪು:
ಮಾಡಿದ. ಮಾಡಿಲ್ಲ. ಸಾಬೀತಾಗಿಲ್ಲ.
ಮೂರನೆಯದನ್ನು ಕೊಟ್ಟೆವು. ಬಾಗಿಲು ತೆರೆಯಿತು,
ದಾಟಿದವನ ಕೋಟಿನ ಅಂಚು ಸಂದಿಗೆ ಸಿಕ್ಕಿಕೊಳ್ಳುವಷ್ಟು.

ಮೊನ್ನೆ ಕೊನೆಯ ಟ್ರಿಪ್ಪು. ಬಂದರಿನ ಸ್ಟಾಪಿನಲ್ಲಿ
ಹತ್ತಿದವರ ಮುಖ ನೋಡಲಿಲ್ಲ, ಚಿಲ್ಲರೆ ಎಣಿಸುತ್ತಿದ್ದೆ;
ಐವತ್ತು ಪೆನ್ನಿಯದೊಂದು ಬೆಚ್ಚಗಿತ್ತು.
ಗೇರು ಬದಲಿಸುವಾಗ ಹಿಂದೆ ಯಾರೋ ಕೆಮ್ಮಿದರು.
ಕನ್ನಡಿಯಲ್ಲಿ ಆರು ಜನ.